ಪೆಟ್ಟು ತೋರಿಸಿದ ರೋಗ: ಕರ್ಮೋದಯ ಮತ್ತು ಸಮತಾಭಾವ



ಕೊಲ್ಲಾಪುರ, ಇಚಲಕರಂಜಿ, ಗಡಹಿಂಗ್ಲಜ ಭಾಗದ ಶ್ರಾವಕರಲ್ಲಿ ಕೆಲವರ ಮನೆಮಾತು ಕನ್ನಡ, ಕೆಲವರದು ಮರಾಠಿ. ಆದರೆ ಣಮೋಕಾರ ಮಂತ್ರಕ್ಕೆ ಭಾಷಾಭೇದವಿಲ್ಲ. ದೇಹದ ನೋವಿಗೂ ಇಲ್ಲ.

ದೃಷ್ಟಾಂತಕ್ಕಾಗಿ ಮಗ್ಗಗಳನ್ನು ನಡೆಸುವ ಒಬ್ಬ ಗೃಹಸ್ಥನನ್ನು ಭಾವಿಸೋಣ. ದರ್ಶನಕ್ಕೆ ಹೊರಟವನು ಬಸದಿಯ ಮೆಟ್ಟಿಲಲ್ಲಿ ಜಾರಿದನು. ಸಣ್ಣ ಪೆಟ್ಟಿಗೇ ತೊಡೆಯ ಎಲುಬು ಮುರಿಯಿತು. ಎಕ್ಸ್-ರೇ ನೋಡಿದ ವೈದ್ಯರಿಗೆ ಸಂಶಯ ಬಂದಿತು. ಮುಂದಿನ ತಪಾಸಣೆಗಳಲ್ಲಿ ಕ್ಯಾನ್ಸರ್ ಎಂದು ತಿಳಿಯಿತು. ಆಗ ಮನೆಯಲ್ಲಿ ಎರಡು ಪ್ರಶ್ನೆಗಳು ಏಳುತ್ತವೆ. "ದೇವರ ದರ್ಶನಕ್ಕೆ ಹೋದವನಿಗೇ ಹೀಗೇಕೆ?" "ಇದು ಯಾವ ಪಾಪದ ಫಲ?"

ಮೊದಲು ವಸ್ತುಸ್ಥಿತಿಯನ್ನು ತಿಳಿಯಬೇಕು. ಪೆಟ್ಟಿನಿಂದ ಕ್ಯಾನ್ಸರ್ ಹುಟ್ಟುತ್ತದೆ ಎಂಬುದಕ್ಕೆ ವೈದ್ಯಶಾಸ್ತ್ರದಲ್ಲಿ ಆಧಾರವಿಲ್ಲ. ರೋಗವು ಮೊದಲೇ ಒಳಗಿದ್ದು ಎಲುಬನ್ನು ಸಡಿಲಗೊಳಿಸಿತ್ತು. ಪೆಟ್ಟು ಅದನ್ನು ಬಯಲಿಗೆ ತಂದಿತು. ಜಿನಾಗಮದ ಭಾಷೆಯಲ್ಲಿ ಹೇಳುವುದಾದರೆ ಜಾರಿದ ಮೆಟ್ಟಿಲು ನಿಮಿತ್ತಮಾತ್ರ. ವ್ಯಾಪಾರದಲ್ಲಿ ಹಳೆಯ ಬಾಕಿ ಖಾತೆಯಲ್ಲಿರುತ್ತದೆ. ವಸೂಲಿಗೆ ಬಂದವನು ಸಾಲವನ್ನು ಸೃಷ್ಟಿಸಿದವನಲ್ಲ. ಆದ್ದರಿಂದ ಮೆಟ್ಟಿಲನ್ನಾಗಲಿ ದರ್ಶನವನ್ನಾಗಲಿ ದೂಷಿಸುವುದು ಅಜ್ಞಾನ.

ಎರಡನೆಯ ಪ್ರಶ್ನೆ ಇನ್ನೂ ಸೂಕ್ಷ್ಮವಾದುದು. ಅಷ್ಟಕರ್ಮಗಳಲ್ಲಿ ವೇದನೀಯವು ಸಾತಾ, ಅಸಾತಾ ಎಂದು ಎರಡು ವಿಧ. ರೋಗದ ವೇದನೆ ಅಸಾತಾವೇದನೀಯದ ಉದಯ. ಆದರೆ ಯಾವ ಭವದ ಯಾವ ಕರ್ಮವೆಂಬುದನ್ನು ಕೇವಲಜ್ಞಾನಿಗಳು ಮಾತ್ರ ಬಲ್ಲರು. ಹಾಸಿಗೆ ಹಿಡಿದವನ ಮುಂದೆ ನಿಂತು "ಏನು ಪಾಪ ಮಾಡಿದ್ದನೋ" ಎನ್ನುವವರಿಗೆ ಆ ಅಧಿಕಾರ ಎಲ್ಲಿಂದ ಬಂದಿತು? ಪರರಿಗೆ ದುಃಖ ಶೋಕಗಳನ್ನುಂಟುಮಾಡುವುದೇ ಅಸಾತಾ ಬಂಧಕ್ಕೆ ಕಾರಣ. ಹಾಗೆ ನುಡಿದವನು ತನ್ನ ಖಾತೆಯಲ್ಲಿಯೇ ಹೊಸ ಸಾಲ ಬರೆದುಕೊಳ್ಳುತ್ತಾನೆ.

"ಕರ್ಮವಿದ್ದಂತೆ ಆಗಲಿ, ಔಷಧವೇಕೆ?" ಎಂಬುದೂ ತಪ್ಪು. ಕರ್ಮವು ಕಲ್ಲಿನ ಬರಹವಲ್ಲ. ದ್ರವ್ಯ, ಕ್ಷೇತ್ರ, ಕಾಲ, ಭಾವಗಳಿಗನುಸಾರವಾಗಿ ಅದು ಫಲ ಕೊಡುತ್ತದೆ. ಅಪಕರ್ಷಣ, ಸಂಕ್ರಮಣಗಳಿಂದ ಅದರ ಶಕ್ತಿ ಕುಂದುವುದನ್ನೂ ಬದಲಾಗುವುದನ್ನೂ ಕರ್ಮಸಿದ್ಧಾಂತವು ಒಪ್ಪುತ್ತದೆ. ಚತುರ್ವಿಧ ದಾನಗಳಲ್ಲಿ ಔಷಧದಾನಕ್ಕೆ ಸ್ಥಾನ ಕೊಟ್ಟ ಧರ್ಮ ಚಿಕಿತ್ಸೆಯನ್ನು ಹೇಗೆ ನಿಷೇಧಿಸೀತು? ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಸಲ್ಲೇಖನೆಯನ್ನು ವಿಧಿಸಿರುವುದು ಪ್ರತೀಕಾರವೇ ಇಲ್ಲದ ಸಂಕಟದಲ್ಲಿ ಮಾತ್ರ. ಉಪಾಯವಿರುವ ರೋಗಕ್ಕೆ ಉಪಾಯ ಮಾಡುವುದೇ ಗೃಹಸ್ಥನ ಕರ್ತವ್ಯ.

ಈ ನೆಲದ ಪುಣ್ಯಪುರುಷರಾದ ಚಾರಿತ್ರಚಕ್ರವರ್ತಿ ಆಚಾರ್ಯ ಶಾಂತಿಸಾಗರ ಮಹಾರಾಜರನ್ನು ಸ್ಮರಿಸೋಣ. 1872ರಲ್ಲಿ ಜನಿಸಿದ ಅವರು ಭೋಜ ಗ್ರಾಮದ ಪಾಟೀಲ ಮನೆತನದವರು. ವೃದ್ಧಾಪ್ಯದಲ್ಲಿ ಅವರ ದೃಷ್ಟಿ ಕುಂದಿತು. ಕಣ್ಣು ಕಾಣದಿದ್ದರೆ ಕಾಲಡಿಯ ಜೀವಿಗಳ ರಕ್ಷಣೆ ಹೇಗೆ? ಮಹಾವ್ರತವನ್ನು ಪಾಲಿಸಲಾಗದೆಂದು ಕಂಡಾಗ ಅವರು ಸಲ್ಲೇಖನೆಯನ್ನು ಸ್ವೀಕರಿಸಿ, 1955ರ ಸೆಪ್ಟೆಂಬರ್ 18ರಂದು ಕುಂಥಲಗಿರಿಯಲ್ಲಿ ಸಮಾಧಿಸ್ಥರಾದರು. ಅದು ಮಹಾಮುನಿಯ ಮಾರ್ಗ. ಗೃಹಸ್ಥನಿಗೆ ಅದರ ಅನುಕರಣೆಯಲ್ಲ, ಅದರ ಪಾಠ ಬೇಕು. ದೇಹ ಕುಂದುವಾಗ "ನನಗೇಕೆ ಹೀಗಾಯಿತು" ಎಂದು ಕೇಳದೆ "ಈಗ ನನ್ನ ಧರ್ಮವೇನು" ಎಂದು ಕೇಳುವುದೇ ಆ ಪಾಠ.

ನಮ್ಮ ಗೃಹಸ್ಥನ ಮುಂದೆ ಈಗ ಎರಡು ದಾರಿಗಳಿವೆ. ಹಗಲಿರುಳು ವೇದನೆಯನ್ನೇ ಚಿಂತಿಸಿದರೆ ಅದು ಆರ್ತಧ್ಯಾನ. ಹಳೆಯ ಕರ್ಮ ತೀರುವಾಗಲೇ ಹೊಸದು ಕಟ್ಟುತ್ತದೆ. ಕರ್ಮಫಲದ ಸ್ವರೂಪವನ್ನು ಚಿಂತಿಸಿದರೆ ಅದು ವಿಪಾಕವಿಚಯವೆಂಬ ಧರ್ಮಧ್ಯಾನ. ನೋವು ಅದೇ, ಆಸ್ಪತ್ರೆಯ ಹಾಸಿಗೆ ಅದೇ. ಭಾವ ಮಾತ್ರ ಬೇರೆ. ಇದರರ್ಥ ಅಳಬಾರದೆಂದಲ್ಲ. ಅತ್ತ ಮೇಲೆ ಕಣ್ಣೊರೆಸಿಕೊಂಡು ಅನಿತ್ಯ, ಅಶರಣ ಭಾವನೆಗಳನ್ನು ನೆನೆದರೂ ಆ ದಿನ ವ್ಯರ್ಥವಲ್ಲ.

ಸಮಾಜಕ್ಕೂ ಕರ್ತವ್ಯವಿದೆ. ವೈಯಾವೃತ್ತ್ಯವು ಆರು ಅಂತರಂಗ ತಪಸ್ಸುಗಳಲ್ಲಿ ಒಂದು. ರೋಗಿಯ ಮನೆಗೆ ಹೋಗುವಾಗ ಪ್ರಶ್ನೆಗಳನ್ನು ಹೊರಗೆ ಬಿಟ್ಟು, ಊಟದ ಡಬ್ಬಿಯನ್ನೋ ಆಸ್ಪತ್ರೆಗೆ ಕರೆದೊಯ್ಯಲು ವಾಹನವನ್ನೋ ಒಯ್ಯೋಣ. ಅವರಿಗೆ ತಿಳಿದ ಭಾಷೆಯಲ್ಲಿ ಬಾರಹ ಭಾವನೆಗಳನ್ನು ಓದಿ ಹೇಳೋಣ. ರೋಗವನ್ನು ಮುಚ್ಚಿಡದೆ ಹೇಳಿಕೊಳ್ಳುವ ಧೈರ್ಯ ಪ್ರತಿ ಕುಟುಂಬಕ್ಕೆ ಬರಲಿ.

ಮುರಿದ ಎಲುಬು ರೋಗವನ್ನು ತೋರಿಸಿತು. ಆ ರೋಗವು ದೇಹವೇ ಆತ್ಮವೆಂಬ ಭ್ರಮೆಯನ್ನೂ ತೋರಿಸಿದರೆ, ಆ ಪೆಟ್ಟು ಕೇವಲ ಪೆಟ್ಟಾಗಿ ಉಳಿಯದು.

ಜೈನಂ ಜಯತು ಶಾಸನಂ.