ಬನ್ನಿ ಗಿಡ ಹತ್ತಿದವನು ಉತ್ತರ

‘ಬನ್ನಿ ತೊಗೊಂಡು ಬಂಗಾರದ್ಹಾಂಗ ಇರೋಣು.’ ವಿಜಯದಶಮಿಯ ಸಂಜೆ ಹುಬ್ಬಳ್ಳಿ-ಧಾರವಾಡದ ಯಾವ ಓಣಿಗೆ ಹೋದರೂ ಈ ಮಾತು ಕಿವಿಗೆ ಬೀಳುತ್ತದೆ. ಕಿರಿಯರು ಹಿರಿಯರ ಕೈಗೆ ಎರಡು ಎಲೆ ಇಟ್ಟು ಕಾಲು ಮುಟ್ಟುತ್ತಾರೆ, ಸರೀಕರು ಅಪ್ಪಿಕೊಳ್ಳುತ್ತಾರೆ. ಗಡಿಯಾಚೆ ಮಹಾರಾಷ್ಟ್ರದಲ್ಲಿ ಆಪಟಾ ಎಲೆ ಕೊಟ್ಟು ಇದೇ ಹಾರೈಕೆ ಹೇಳುತ್ತಾರೆ. ರಜೆ ಮುಗಿದು ಕಚೇರಿ ತೆರೆದ ದಿನ ಎಲೆ ಮೇಜಿನಿಂದ ಮೇಜಿಗೆ ಹೋಗುತ್ತದೆ. ಒಬ್ಬರ ಮನೆಯ ಚೂಡಾ, ಇನ್ನೊಬ್ಬರು ಲೈನ್ ಬಜಾರಿನಿಂದ ತಂದ ಪೇಡಾ, ಮೇಲೆ ಚಹಾ.

ಎಲೆಯನ್ನು ಬಂಗಾರ ಅನ್ನುವುದೇಕೆ? ಒಂದು ಕತೆ ಎಲ್ಲರಿಗೂ ಗೊತ್ತಿರುವುದೇ. ಗುರುದಕ್ಷಿಣೆಗೆ 14 ಕೋಟಿ ಹೊನ್ನು ಬೇಡಿ ಬಂದ ಕೌತ್ಸನಿಗಾಗಿ ರಘು ಮಹಾರಾಜ ಕುಬೇರನ ಮೇಲೆ ದಂಡೆತ್ತಲು ಹೊರಟ. ಹೆದರಿದ ಕುಬೇರ ಬನ್ನಿ ಗಿಡದ ಮೇಲೆ ಚಿನ್ನದ ಮಳೆ ಸುರಿಸಿದ. ಕೌತ್ಸ ತನಗೆ ಬೇಕಾದಷ್ಟು ಎಣಿಸಿಕೊಂಡ, ಉಳಿದದ್ದು ಊರ ಜನಕ್ಕೆ ಹಂಚಿಹೋಯಿತು. ಕತೆ ಚೆಂದ. ಆದರೆ ನೌಕರಿಯ ಜನಕ್ಕೆ ಹೆಚ್ಚು ಹತ್ತಿರದ್ದು ಇನ್ನೊಂದು, ಪಾಂಡವರ ಅಜ್ಞಾತವಾಸದ್ದು.

ಆ ಒಂದು ವರ್ಷ ಪಾಂಡವರು ವಿರಾಟನ ಕಚೇರಿಯ ನೌಕರರು ಎಂದರೆ ತಪ್ಪಿಲ್ಲ. ಧರ್ಮರಾಯ ಪಗಡೆಯಾಡಿಸಿದ, ಭೀಮ ಅಡಿಗೆಮನೆ ಸೇರಿದ, ಅರ್ಜುನ ಕುಣಿತ ಕಲಿಸಿದ. ಬಿಡುವಿನ ಹೊತ್ತಿನ ಗೀಳುಗಳೇ ಅವರಿಗೆ ಉದ್ಯೋಗವಾದವು, ಕಸುಬಿನ ಆಯುಧಗಳು ಬನ್ನಿಯ ಮೇಲೆ ಕೂತವು. ನಮ್ಮದು ಇದರ ಉಲ್ಟಾ. ಉದ್ಯೋಗ ಕೈಯಲ್ಲಿದೆ, ಪ್ರೀತಿಯದು ಗಿಡದ ಮೇಲಿದೆ. ಲೆಡ್ಜರ್ ನೋಡುವವರ ಮನೆಯಲ್ಲಿ ಹಾರ್ಮೋನಿಯಂ ಇರುತ್ತದೆ, ಟಪಾಲು ವಿಭಾಗದ ಅಕ್ಕಾರು ಕಸೂತಿ ಹಾಕುತ್ತಾರೆ. ಪಕ್ಕದ ಕುರ್ಚಿಗೆ ಅದು ಗೊತ್ತಿರುವುದಿಲ್ಲ. ಯಾರೂ ಹತ್ತಿರ ಬರಬಾರದೆಂದು ಪಾಂಡವರು ಗಿಡಕ್ಕೊಂದು ಹೆಣ ಕಟ್ಟಿದ್ದರಂತೆ. ನಾವು ‘ಟೈಮ್ ಎಲ್ಲೈತ್ರಿ’ ಎಂಬ ಮಾತು ಕಟ್ಟಿರುತ್ತೇವೆ.

2003ರಲ್ಲಿ ನೈಋತ್ಯ ರೈಲ್ವೆಯ ಕೇಂದ್ರ ಕಚೇರಿ ಹುಬ್ಬಳ್ಳಿಯಲ್ಲಿ ಶುರುವಾಯಿತು, 2008ರಲ್ಲಿ ಹೈಕೋರ್ಟಿನ ಪೀಠ ಧಾರವಾಡಕ್ಕೆ ಬಂತು. ಎಲ್ಲೆಲ್ಲಿಂದಲೋ ವರ್ಗವಾಗಿ ಬಂದವರು ಇಲ್ಲಿ ಒಂದೇ ಸೂರಿನಡಿ ಕೂತಿದ್ದಾರೆ. ಹುದ್ದೆಯ ಹೆಸರಿನಾಚೆಗೆ ಒಬ್ಬರನ್ನೊಬ್ಬರು ಕಾಣಲು ಹಬ್ಬದ ಚಹಾ ಬಿಟ್ಟರೆ ಬೇರೆ ಸಂದರ್ಭ ಕಡಿಮೆ.

ಈಗ ಕತೆಯ ಸೂಕ್ಷ್ಮಕ್ಕೆ ಬರೋಣ. ಆಯುಧ ಇಳಿಸಲು ಗಿಡ ಹತ್ತಿದವನು ಅರ್ಜುನನಲ್ಲ, ವಿರಾಟನ ಮಗ ಉತ್ತರ. ಕೆಳಗೆ ನಿಂತವನು ತನ್ನ ಸೋದರಿಗೆ ಕುಣಿತ ಹೇಳಿಕೊಡುವ ಬೃಹನ್ನಳೆ ಎಂದಷ್ಟೇ ಅವನಿಗೆ ಗೊತ್ತು. ಗಂಟು ಬಿಚ್ಚಿದರೆ ಚಿನ್ನದ ಕೆಲಸದ ಬಿಲ್ಲುಗಳು ಹೊಳೆದವು. ಹುಡುಗ ಬೆರಗಾಗಿ ಒಂದೊಂದನ್ನೂ ತೋರಿಸಿ ಇದು ಯಾರದು, ಅದು ಯಾರದು ಎಂದು ಕೇಳುತ್ತ ಹೋದ. ಅರ್ಜುನ ಹೇಳುತ್ತ ಹೋದ. ಬನ್ನಿಯೊಳಗಿನ ಬಂಗಾರ ಅಂದರೆ ನನ್ನ ಪಾಲಿಗೆ ಇದೇ. ತನ್ನದನ್ನು ತಾನೇ ಇಳಿಸಿ ಮೆರೆಸಿದರೆ ಅದು ಬಡಾಯಿ. ಮತ್ತೊಬ್ಬರು ಹತ್ತಿ, ಗಂಟು ಬಿಚ್ಚಿ, ಕೇಳಬೇಕು.

ಧಾರವಾಡಕ್ಕೆ ಇಂಥ ಉತ್ತರರ ಪರಂಪರೆಯೇ ಇದೆ. 1920ರ ದಶಕದಲ್ಲಿ ಬೇಂದ್ರೆಯವರ ಸುತ್ತ ಕೂಡಿದ ಗೆಳೆಯರ ಗುಂಪಿನಲ್ಲಿ ಮಾಸ್ತರಿಕೆ ಮಾಡುವವರಿದ್ದರು, ಇನ್ನೂ ಓದುತ್ತಿದ್ದ ಹುಡುಗರೂ ಇದ್ದರು. ಶಂಬಾ ಜೋಶಿ ಹೊಟ್ಟೆಪಾಡಿಗೆ ಶಾಲೆಯಲ್ಲಿ ಕನ್ನಡ ಕಲಿಸಿದರು, ಮನಸ್ಸು ನಾಡಿನ ಬೇರು ಅಗೆಯುತ್ತಿತ್ತು. ಆ ಮಾಸ್ತರರ ‘ಕರ್ನಾಟಕ ಸಂಸ್ಕೃತಿಯ ಪೂರ್ವಪೀಠಿಕೆ’ಗೆ 1970ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಬೇಂದ್ರೆಯವರಿಗಂತೂ ಕಾವ್ಯದ ಜತೆಗೆ ಅಂಕಿಗಳ ಹುಚ್ಚು. ಅವರ ಮೆಚ್ಚಿನ ಸಂಖ್ಯೆ 441 ಎಂದರೆ ಸಾಕು, ಮಾತು ಎತ್ತಲೋ ಹರಿಯುತ್ತಿತ್ತು.

ಸುಭಾಸ ರಸ್ತೆಯ ಅಟ್ಟದ್ದು ಇನ್ನೂ ಸ್ಪಷ್ಟ ಉದಾಹರಣೆ. 1933ರಲ್ಲಿ ಮನೋಹರ ಗ್ರಂಥಮಾಲೆ ಶುರುಮಾಡಿದ ಜಿ.ಬಿ. ಜೋಶಿಯವರ ಆ ಜಾಗದಲ್ಲಿ ಹರಟೆಗೆ ಕೂತವರು ಎಷ್ಟೋ ಜನ. ಗಿರೀಶ ಕಾರ್ನಾಡರ ‘ಯಯಾತಿ’ 1961ರಲ್ಲಿ ಅಲ್ಲಿಂದಲೇ ಪ್ರಕಟವಾಯಿತು. ಮುಂದೆ ಅವರು ಮದ್ರಾಸಿನಲ್ಲಿ ಆಕ್ಸ್‌ಫರ್ಡ್ ಪ್ರಕಾಶನದ ನೌಕರಿ ಹಿಡಿದರು. ಕನ್ನಡದಲ್ಲಿ ಒಳ್ಳೆಯ ಐತಿಹಾಸಿಕ ನಾಟಕಗಳಿಲ್ಲ ಎಂಬ ವಿಮರ್ಶಕ ಕೀರ್ತಿನಾಥ ಕುರ್ತಕೋಟಿಯವರ ಕೊರಗು ಕಾರ್ನಾಡರನ್ನು ಕೆಣಕಿತು. ನೌಕರಿಯ ನಡುವೆಯೇ ‘ತುಘಲಕ್’ ಹುಟ್ಟಿತು. ಕುರ್ತಕೋಟಿ ಅಲ್ಲಿ ಗಿಡ ಹತ್ತಿದವರು.

ಎಲ್ಲ ಕಚೇರಿಯಲ್ಲೂ ಕಾರ್ನಾಡರು ಸಿಗುವುದಿಲ್ಲ, ಸಿಗಬೇಕಾಗಿಯೂ ಇಲ್ಲ. ಆದರೆ ಇತ್ತೀಚೆಗೆ ಹಬ್ಬದ ಚಹಾ ಎಂದರೆ ‘ಟ್ಯಾಲೆಂಟ್ ಶೋ’ ಎನ್ನುವ ಚಾಳಿ ಬಂದಿದೆ. ಮೈಕು, ತೀರ್ಪುಗಾರರು, ಮೊದಲ ಬಹುಮಾನ. ಇದರಿಂದ ಹಾಡಬಲ್ಲವರು ಮುಂದೆ ಬರುತ್ತಾರೆ, ಹಳೆಯ ನಾಣ್ಯ ಕೂಡಿಡುವವರು, ಅಂಗಳದಲ್ಲಿ ಹೀರೆಬಳ್ಳಿ ಹಬ್ಬಿಸುವವರು ಹಿಂದಿನ ಸಾಲಿನಲ್ಲಿ ಚೂಡಾ ತಿನ್ನುತ್ತ ಕೂತುಬಿಡುತ್ತಾರೆ. ಬನ್ನಿ ಕೊಡುವಾಗ ಯಾರ ಎಲೆ ದೊಡ್ಡದೆಂದು ಯಾರೂ ಅಳೆಯುವುದಿಲ್ಲ. ಸಾಹೇಬರು ಕೊಟ್ಟ ಎಲೆಗೂ ಸಿಪಾಯಿ ಕೊಟ್ಟ ಎಲೆಗೂ ಬೆಲೆ ಒಂದೇ. ತಬಲಾ ಕಲಿಯುವ ಆಸೆಯ ಸಾಹೇಬರಿಗೆ ಭಜನಾ ಮೇಳದ ಸಿಪಾಯಿ ತಾಳ ಹೇಳಿಕೊಡುವುದಾದರೆ, ಅಂದು ಕಾಲು ಮುಟ್ಟಬೇಕಾದವರು ಯಾರು?

ಮುಂದಿನ ದಸರೆಗೆ ದಯವಿಟ್ಟು ಬಹುಮಾನದ ಕಪ್ಪು ತರಿಸಬೇಡಿ. ಆ ದುಡ್ಡಿಗೆ ಇನ್ನೊಂದು ಕಿಲೋ ಪೇಡಾ ತರಿಸಿ, ಪಕ್ಕದ ಕುರ್ಚಿಯವರನ್ನು ‘ಮನ್ಯಾಗ ಏನ್ ಮಾಡ್ತೀರ್ರಿ?’ ಎಂದು ಕೇಳಿ.