ಸಭೆಯ ಸೇವಕಳಾದ ಫೊಯಿಬೆ

ಓದತಕ್ಕ ಭಾಗ: ರೋಮಾಪುರದವರಿಗೆ ಬರೆದ ಪತ್ರಿಕೆ, 16ನೆಯ ಅಧ್ಯಾಯ, 1ರಿಂದ 7ನೆಯ ವಚನಗಳು.



ಮುಂಜಾವದಲ್ಲಿ ಮಂಕಿಯ ಕಡಲ ದಂಡೆಯಲ್ಲಿ ನಿಂತು ನೋಡಿರಿ. ದೋಣಿಯನ್ನು ದಡಕ್ಕೆ ಎಳೆದ ಗಂಡಸರು ಬಲೆ ಬಿಡಿಸುತ್ತಿರುವಾಗಲೇ ಹೆಂಗಸರು ಮೀನಿನ ಬುಟ್ಟಿಯನ್ನು ತಲೆಯ ಮೇಲಿಟ್ಟುಕೊಂಡು ಊರೊಳಕ್ಕೆ ನಡೆಯುತ್ತಾರೆ. ಬೆಲೆ ಹೇಳುವವರು ಅವರೇ. ಸಾಲದ ಲೆಕ್ಕವನ್ನು ಮನಸ್ಸಿನಲ್ಲಿಟ್ಟುಕೊಳ್ಳುವವರೂ ಅವರೇ. ಬಲೆ ಬೀಸಿದವನ ಶ್ರಮವು ಆ ಬುಟ್ಟಿಯು ಮನೆಬಾಗಿಲನ್ನು ಮುಟ್ಟಿದ ಮೇಲೆಯೇ ಅನ್ನವಾಗುತ್ತದೆ.

ಅಪೊಸ್ತಲನಾದ ಪೌಲನು ರೋಮಾಪುರದವರಿಗೆ ಪತ್ರಿಕೆಯನ್ನು ಬರೆಯಿಸಿದನು. ಆದರೆ ಅದನ್ನು ಯಾರಾದರೂ ಕೊಂಡೊಯ್ಯಬೇಕಾಗಿತ್ತಷ್ಟೆ. ಕೊರಿಂಥದ ರೇವುಪಟ್ಟಣವಾದ ಕೆಂಖ್ರೆಯ ಫೊಯಿಬೆಯೆಂಬ ಸಹೋದರಿಯೇ ಅದನ್ನು ಕೊಂಡೊಯ್ದಳೆಂದು ಸತ್ಯವೇದವನ್ನು ಬಲ್ಲ ಪಂಡಿತರು ಹೇಳುತ್ತಾರೆ. ಪೌಲನು ಆಕೆಯನ್ನು ಸಭೆಯ ಸೇವಕಳೆಂದು ಕರೆದು, ಪರಿಶುದ್ಧರಿಗೆ ತಕ್ಕ ಹಾಗೆ ಸೇರಿಸಿಕೊಳ್ಳಬೇಕೆಂದೂ, ಆಕೆಯು ಅನೇಕರಿಗೂ ತನಗೂ ಸಹಾಯಮಾಡಿದವಳೆಂದೂ ಬರೆದಿದ್ದಾನೆ. ಇಲ್ಲಿ ಸೇವಕಳೆಂದು ಹೇಳುವ ಗ್ರೀಕ್ ಪದವೂ, ತಿಮೊಥೆಯನಿಗೆ ಬರೆದ ಪತ್ರಿಕೆಯಲ್ಲಿ ಸಭಾಸೇವಕರೆಂದು ನಾವು ಓದುವ ಪದವೂ ಒಂದೇ ಆಗಿದೆ. ಗಂಡಸಿಗೆ ಹೇಳಿದಾಗ ಅದು ಉದ್ಯೋಗ, ಹೆಂಗಸಿಗೆ ಹೇಳಿದಾಗ ಅದು ಕಸ ಗುಡಿಸುವ ಕೆಲಸ ಎಂದು ಎಣಿಸಿದವರು ನಾವೇ ಹೊರತು ಪೌಲನಲ್ಲ.

ಅದೇ ಅಧ್ಯಾಯದಲ್ಲಿ ಪ್ರಿಸ್ಕಳ ಹೆಸರು ಆಕೆಯ ಗಂಡನಾದ ಅಕ್ವಿಲನ ಹೆಸರಿಗಿಂತ ಮುಂಚೆ ಬಂದಿದೆ. ವಾಕ್ಚಾತುರ್ಯವುಳ್ಳ ಅಪೊಲ್ಲೋಸನನ್ನು ಮನೆಗೆ ಕರೆದು ದೇವರ ಮಾರ್ಗವನ್ನು ಇನ್ನೂ ಸರಿಯಾಗಿ ತಿಳಿಸಿದವರು ಇವರಿಬ್ಬರೇ. ನಮ್ಮ ಕರ್ತನು ಎದ್ದನೆಂಬ ಸುವಾರ್ತೆಯಾದರೋ, ಮೊದಲು ಮಗ್ದಲದ ಮರಿಯಳ ಕೈಗೆ ಕೊಡಲ್ಪಟ್ಟಿತು. ಆ ದಿನ ಆಕೆಯು ಬಾಯಿ ಮುಚ್ಚಿಕೊಂಡಿದ್ದರೆ ಶಿಷ್ಯರು ಏನನ್ನು ಸಾರುತ್ತಿದ್ದರು?

ಹಾಗಾದರೆ ಸ್ತ್ರೀಯರು ಸಭೆಯಲ್ಲಿ ಮೌನವಾಗಿರಬೇಕೆಂದು ಪೌಲನೇ ಬರೆದಿಲ್ಲವೋ ಎಂದು ಕೇಳುವವರುಂಟು. ಬರೆದದ್ದು ನಿಜ, ಅದನ್ನು ಮರೆಮಾಡಲಾಗದು. ಆದರೆ ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರಿಕೆಯ 14ನೆಯ ಅಧ್ಯಾಯವನ್ನು ಪೂರ್ತಿಯಾಗಿ ಓದಿರಿ. ಅರ್ಥ ಹೇಳುವವನಿಲ್ಲದಿದ್ದರೆ ಅನ್ಯಭಾಷೆಯನ್ನಾಡುವವನು ಸುಮ್ಮನಿರಬೇಕು. ಮತ್ತೊಬ್ಬನಿಗೆ ದೇವರು ತಿಳಿಸಿದಾಗ ಮೊದಲು ಮಾತಾಡಿದ ಪ್ರವಾದಿಯು ಸುಮ್ಮನಾಗಬೇಕು. ಗಲಿಬಿಲಿಯಲ್ಲಿದ್ದ ಸಭೆಗೆ ಪೌಲನು ಕ್ರಮವನ್ನು ಕಲಿಸುತ್ತಿದ್ದನು. ಇದೇ ಪತ್ರಿಕೆಯ 11ನೆಯ ಅಧ್ಯಾಯದಲ್ಲಿ ಸ್ತ್ರೀಯು ಪ್ರಾರ್ಥಿಸುವಾಗಲೂ ಪ್ರವಾದಿಸುವಾಗಲೂ ಹೇಗಿರಬೇಕೆಂದು ವಿಧಿಸಿದ್ದಾನೆ. ಬಾಯಿ ತೆರೆಯಲೇಬಾರದೆಂದಿದ್ದರೆ ಈ ವಿಧಿಯು ಯಾಕೆ? ತಿಮೊಥೆಯನಿಗೆ ಬರೆದ ಮಾತು ಇನ್ನೂ ಕಠಿಣವಾದದ್ದು. ಅದರ ವಿಷಯವಾಗಿ ದೇವಭಕ್ತರಲ್ಲಿಯೇ ಬೇರೆ ಬೇರೆ ಅಭಿಪ್ರಾಯಗಳಿವೆ. ಆದಾಗ್ಯೂ ಫೊಯಿಬೆಯನ್ನು ಕಳುಹಿಸಿದ ಕೈಯೇ ಅದನ್ನೂ ಬರೆಯಿತೆಂಬುದನ್ನು ಮರೆಯಬಾರದು.

ದೇವರು ನಮ್ಮ ಕನ್ನಡನಾಡಿನ ಮಣ್ಣಿನಲ್ಲಿ ಮಾಡಿದ್ದನ್ನೂ ನೆನಸಿರಿ. 1858ರಲ್ಲಿ ಪಶ್ಚಿಮ ಘಟ್ಟದ ಗಂಗಾಮೂಲದ ಕಾಡಿನಲ್ಲಿ ಒಂದು ಹೆಣ್ಣು ಕೂಸು ಹುಟ್ಟಿತು. ಆಕೆಯ ತಂದೆಯಾದ ಅನಂತ ಶಾಸ್ತ್ರಿಗಳು ಊರವರ ನಿಂದೆಯನ್ನು ಲೆಕ್ಕಿಸದೆ ಹೆಂಡತಿಗೆ ಸಂಸ್ಕೃತವನ್ನು ಕಲಿಸಿದ್ದರು. ತಾಯಿಯು ಮಗಳಿಗೆ ಕಲಿಸಿದಳು. ಆ ಮಗಳೇ ಪಂಡಿತಾ ರಮಾಬಾಯಿ. 1883ರಲ್ಲಿ ಇಂಗ್ಲೆಂಡಿನಲ್ಲಿ ದೀಕ್ಷಾಸ್ನಾನ ಹೊಂದಿ, ಪುಣೆಯ ಹತ್ತಿರದ ಕೇಡಗಾಂವದಲ್ಲಿ ವಿಧವೆಯರನ್ನೂ ಬರಗಾಲದಲ್ಲಿ ದಿಕ್ಕಿಲ್ಲದವರಾದ ಹೆಣ್ಣುಮಕ್ಕಳನ್ನೂ ಸಲಹಿದರು. ಮೂಲಭಾಷೆಗಳನ್ನು ಕಲಿತು ಸತ್ಯವೇದವನ್ನು ಮರಾಠಿಗೆ ಪರಿವರ್ತಿಸಿದರು. 1922ರಲ್ಲಿ ಕರ್ತನಲ್ಲಿ ನಿದ್ರೆಹೋದರು. ಅವರಿಗೆ ಗುರುದೀಕ್ಷೆಯನ್ನು ಯಾರೂ ಕೊಡಲಿಲ್ಲ. ಮನುಷ್ಯರು ಉದ್ಯೋಗವನ್ನು ಕೊಡುವದಕ್ಕೆ ಮುಂಚೆಯೇ ದೇವರು ವರವನ್ನು ಕೊಟ್ಟಿದ್ದನು.

1834ರಲ್ಲಿ ಬಾಸೆಲ್ ಮಿಷನಿನವರು ಮಂಗಳೂರಿಗೆ ಬಂದ ಮೇಲೆ ಈ ಕರಾವಳಿಯಲ್ಲಿ ನಡೆದ ಸೇವೆಯಲ್ಲಿಯೂ ಇದೇ ಕಂಡುಬರುತ್ತದೆ. ಉಪದೇಶಿಯು ಜಗಲಿಯವರೆಗೆ ಹೋಗಬಹುದಾಗಿತ್ತು. ಅಡಿಗೆಮನೆಗೂ ಬಾಣಂತಿಯ ಕೋಣೆಗೂ ಹೋದವಳು ಬೈಬಲ್ ಸ್ತ್ರೀಯೇ. ಅವಳ ಸಂಬಳ ಅಲ್ಪ, ಅವಳ ಹೆಸರು ವರದಿಗಳಲ್ಲಿ ಅಪರೂಪ. 1947ರ ಸೆಪ್ಟೆಂಬರ್ 27ರಂದು ದಕ್ಷಿಣ ಭಾರತ ಸಭೆಯು ಸ್ಥಾಪಿತವಾದಾಗ ಅದರ ಸಭಾಪಾಲಕರೆಲ್ಲರೂ ಪುರುಷರೇ. ಬಹು ಚರ್ಚೆಯ ತರುವಾಯ 1970ರ ದಶಕದಲ್ಲಿ ಸ್ತ್ರೀಯರಿಗೂ ಗುರುದೀಕ್ಷೆಯ ಬಾಗಿಲು ತೆರೆಯಿತು. 2013ರಲ್ಲಿ ಪುಷ್ಪಲಲಿತಾ ಅವರು ನಂದ್ಯಾಲದ ಬಿಷಪರಾದರು. ಆ ಸಭೆಯಲ್ಲಿ ಬಿಷಪ್ ಸ್ಥಾನವನ್ನು ಹೊಂದಿದ ಮೊದಲನೆಯ ಸ್ತ್ರೀ ಅವರೇ. ಸ್ಥಾಪನೆಯಿಂದ ಅಲ್ಲಿಯವರೆಗೆ 66 ವರ್ಷಗಳು ಹಿಡಿದವು.

ಪ್ರಿಯರೇ, ದೂರದ ವಿಷಯವನ್ನು ಹೇಳುವದು ಸುಲಭ. ನಮ್ಮ ಪಾಪವನ್ನು ಅರಿಕೆಮಾಡಬೇಕು. ಕೆಲವು ವರ್ಷಗಳ ಹಿಂದೆ ಆಷಾಢದ ಒಂದು ಭಾನುವಾರ ಮಳೆಯ ದೆಸೆಯಿಂದ ನಾವು ಒಂದು ಚಿಕ್ಕ ಸಭೆಗೆ ತಡವಾಗಿ ಮುಟ್ಟಿದೆವು. ಮೀನು ಮಾರಿ ಜೀವಿಸುವ ಒಬ್ಬ ವಿಧವೆಯು ಪಾಠವನ್ನು ಓದಿ, ಕಾದು ಕುಳಿತವರಿಗೆ ಎರಡು ಮಾತು ಹೇಳುತ್ತಿದ್ದಳು. ನಾವು ಒದ್ದೆಯಾದ ಕೊಡೆಯನ್ನು ಬಾಗಿಲಲ್ಲಿಟ್ಟು, ನೇರವಾಗಿ ಹೋಗಿ, ಆಕೆಯ ಕೈಯಿಂದ ಪುಸ್ತಕವನ್ನು ತೆಗೆದುಕೊಂಡೆವು. ಆಕೆಯು ಒಂದು ಮಾತನ್ನೂ ಆಡದೆ ಚಾಪೆಯ ಮೇಲೆ ಕುಳಿತಳು. ಸೆಮಿನರಿಯಲ್ಲಿ ಗ್ರೀಕ್ ಕಲಿತಿದ್ದ ನಮಗೆ ಆ ದಿನ ಫೊಯಿಬೆಯ ನೆನಪು ಬರಲಿಲ್ಲ.

ಕೆಲವು ತಿಂಗಳಾದ ಮೇಲೆ ಆ ಹಳ್ಳಿಯಲ್ಲಿ ಒಬ್ಬನು ಮರಣಶಯ್ಯೆಯಲ್ಲಿದ್ದನು. ನಾವು ಹೋಗುವಷ್ಟರಲ್ಲಿ ಆಕೆಯು ಅವನ ಕೈ ಹಿಡಿದು ಪ್ರಾರ್ಥಿಸುತ್ತಿದ್ದಳು. ಈ ಸಾರಿ ನಾವು ಹೊಸ್ತಿಲಲ್ಲಿಯೇ ನಿಂತೆವು. ಹೊರಗೆ ಬಂದಾಗ ಆಕೆಯು ಮೆಲ್ಲನೆ ಕೇಳಿದಳು: “ಉಪದೇಶಿಗಳೇ, ಸಾಯುವವನ ಹತ್ತಿರ ನಾನು ಪ್ರಾರ್ಥಿಸಬಹುದು, ಬದುಕಿರುವವರ ನಡುವೆ ಯಾಕೆ ಬಾರದು?” ನಮ್ಮಲ್ಲಿ ಉತ್ತರವಿರಲಿಲ್ಲ. ಮುಂದಿನ ಭಾನುವಾರ ಸಭೆಯ ಮುಂದೆಯೇ ಆಕೆಯ ಕ್ಷಮೆಯನ್ನು ಬೇಡಿದೆವು. ಪುಸ್ತಕವನ್ನು ಪುನಃ ಕೈಯಲ್ಲಿ ಕೊಟ್ಟಾಗ ಆಕೆಯು ಬಿಟ್ಟ ವಚನದಿಂದಲೇ ಓದತೊಡಗಿದಳು.

ಈಗ ಆ ಸಭೆಯಲ್ಲಿ ಹಿರಿಯರನ್ನು ಆರಿಸುವ ಕಾಲ ಬಂದಿದೆ. “ಓದಲಿ, ಪ್ರಾರ್ಥಿಸಲಿ, ಆದರೆ ಗಂಡಸರ ಪಂಕ್ತಿಯಲ್ಲಿ ಕುಳಿತು ಸಭೆಯ ಹಣದ ಲೆಕ್ಕವನ್ನು ಕೇಳುವದು ಹೇಗೆ?” ಎಂದು ಕೆಲವರು ಅನ್ನುತ್ತಾರೆ. ಮನೆಯ ಲೆಕ್ಕವನ್ನು ಯಾರ ಕೈಯಲ್ಲಿ ಬಿಟ್ಟಿದ್ದೀರೆಂದು ಅವರು ತಮ್ಮನ್ನು ತಾವೇ ಕೇಳಿಕೊಳ್ಳಲಿ. ಯಾರನ್ನು ಆರಿಸಬೇಕೆಂದು ನಾವು ಹೇಳುವದಿಲ್ಲ. ಆದರೆ ಮೂರನ್ನು ಬೇಡುತ್ತೇವೆ. ಹೆಣ್ಣೆಂಬ ಒಂದೇ ಕಾರಣದಿಂದ ಯಾರ ಹೆಸರನ್ನೂ ಬಿಡಬೇಡಿರಿ. ಹೆಣ್ಣೆಂಬ ಒಂದೇ ಕಾರಣದಿಂದ ಯಾರನ್ನೂ ಲೆಕ್ಕಕ್ಕಾಗಿ ಸೇರಿಸಿ ಮೂಲೆಯಲ್ಲಿ ಕುಳ್ಳಿರಿಸಬೇಡಿರಿ. ಮತ್ತು ನಿಮ್ಮ ಹೆಣ್ಣುಮಕ್ಕಳಿಗೆ ಓದು ಕಲಿಸಿ ಸತ್ಯವೇದವನ್ನು ಅವರ ಕೈಯಲ್ಲಿ ಕೊಡಿರಿ, ಕೊಟ್ಟದ್ದನ್ನು ಕಿತ್ತುಕೊಳ್ಳಬೇಡಿರಿ.

ಸಹೋದರಿಯರೇ, ನಿಮಗೂ ಒಂದು ಮಾತು. ಬುಟ್ಟಿಯ ಭಾರಕ್ಕೆ ಹೆದರದ ನೀವು ಸಭೆಯ ಭಾರಕ್ಕೆ ಹೆದರಬೇಡಿರಿ. ಹಿರಿತನವೆಂಬುದು ಮುಂದಿನ ಬೆಂಚಲ್ಲ; ಕಾಲು ತೊಳೆಯುವ ಸೇವೆಯೇ. ಫೊಯಿಬೆಯನ್ನು ರೋಮಾಪುರದವರಿಗೆ ಒಪ್ಪಿಸಿದ ಕರ್ತನು ನಮ್ಮ ಸಹೋದರಿಯರನ್ನು ತಕ್ಕ ಹಾಗೆ ಸೇರಿಸಿಕೊಳ್ಳುವ ಮನಸ್ಸನ್ನು ನಮಗೆ ದಯಪಾಲಿಸಲಿ. ಆಮೆನ್.