ವಿಮೆಯ ವಂತಿಗೆಯೂ ಔಷಧದಾನವೂ

ಆಹಾರ, ಅಭಯ, ಔಷಧ, ಶಾಸ್ತ್ರ ಎಂಬ ಚತುರ್ವಿಧ ದಾನಗಳು ಶ್ರಾವಕಧರ್ಮಕ್ಕೆ ಸೇರಿದವು. ಇವುಗಳಲ್ಲಿ ಔಷಧದಾನದ ಅರ್ಥವನ್ನು ಇಂದು ಮತ್ತೊಮ್ಮೆ ವಿಚಾರಿಸಬೇಕಾಗಿದೆ. ಶಸ್ತ್ರಚಿಕಿತ್ಸೆಯ ವೆಚ್ಚವು ಒಬ್ಬ ದಾನಿಯ ಕೈಯಳತೆಯನ್ನು ಮೀರಿದೆ. ಹಾಗಾದರೆ ಆರೋಗ್ಯವಿಮೆಗೆ ಕಟ್ಟುವ ವಂತಿಗೆಯು ಕೇವಲ ವ್ಯವಹಾರವೇ, ಅಥವಾ ಅದರಲ್ಲಿ ದಾನದ ಅಂಶವೂ ಇದೆಯೇ?

ರೈತನ ಮನೆಗೆ ದೊಡ್ಡ ಕಾಯಿಲೆ ಬಂದರೆ ಮೊದಲು ಕೂಡಿಟ್ಟ ಹಣ ಕರಗುತ್ತದೆ. ಬಳಿಕ ಒಡವೆಗಳು ಗಿರವಿಗೆ ಬೀಳುತ್ತವೆ. ಅದೂ ಸಾಲದಿದ್ದರೆ ಬಡ್ಡಿಯ ಸಾಲ, ಕೊನೆಗೆ ಎತ್ತು, ಹೊಲ. ಎತ್ತನ್ನು ಮಾರಿದವನು ಮುಂದಿನ ವರ್ಷದ ಬೆಳೆಯನ್ನೂ ಮಾರಿದಂತೆಯೇ. ರೋಗಿಯು ಗುಣಹೊಂದಿದರೂ ಮನೆತನ ಬೇಗ ಚೇತರಿಸಿಕೊಳ್ಳದು. ಈ ಭಯದಿಂದಲೇ ಅನೇಕರು ರೋಗವನ್ನು ಮುಚ್ಚಿಟ್ಟುಕೊಳ್ಳುತ್ತಾರೆ.

ಕರ್ನಾಟಕದಲ್ಲಿ 2003ರಲ್ಲಿ ಕಾರ್ಯಾರಂಭ ಮಾಡಿದ ಯಶಸ್ವಿನಿ ಯೋಜನೆಯು ಇದಕ್ಕೊಂದು ಉತ್ತರವಾಯಿತು. ಸಹಕಾರ ಸಂಘಗಳ ಸದಸ್ಯರು ಆಗ ತಲೆಗೆ ವರ್ಷಕ್ಕೆ 60 ರೂಪಾಯಿ, ಎಂದರೆ ತಿಂಗಳಿಗೆ 5 ರೂಪಾಯಿ ಕೊಟ್ಟರು, ಸರಕಾರವೂ ನೆರವಾಯಿತು. ಮೊದಲ ವರ್ಷವೇ ಸುಮಾರು 16 ಲಕ್ಷ ಜನ ಸೇರಿದರು. ಗೊತ್ತುಪಡಿಸಿದ ಆಸ್ಪತ್ರೆಗಳಲ್ಲಿ ನಿಗದಿತ ಶಸ್ತ್ರಚಿಕಿತ್ಸೆಗಳಿಗೆ ಅವರು ಹಣ ಕಟ್ಟಬೇಕಾಗಿರಲಿಲ್ಲ. ಸದಸ್ಯ ಕುಟುಂಬಗಳಲ್ಲಿ ಚಿಕಿತ್ಸೆಗಾಗಿ ಮಾಡುವ ಸಾಲ ಕಡಿಮೆಯಾದುದನ್ನು 2010ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು.

ಆ ಸದಸ್ಯರಲ್ಲಿ ಹೆಚ್ಚಿನವರಿಗೆ ಆ ವರ್ಷ ಶಸ್ತ್ರಚಿಕಿತ್ಸೆಯ ಅಗತ್ಯ ಬೀಳಲಿಲ್ಲ. ಅವರ ಹಣ ವ್ಯರ್ಥವಾಯಿತೆನ್ನಬಹುದೇ? ಇಲ್ಲ, ಅದು ಅಪರಿಚಿತ ರೋಗಿಯೊಬ್ಬನ ಹಾಸಿಗೆಯನ್ನು ತಲುಪಿತು. ಪಡೆದವನಾರೆಂದು ಕೊಟ್ಟವನಿಗೆ ತಿಳಿಯದು. ಪಡೆದವನೂ ಯಾರ ಮುಂದೆಯೂ ಕೈಯೊಡ್ಡಲಿಲ್ಲ. ಗುಪ್ತದಾನದ ಗುಣ ಇದರಲ್ಲಿದೆ. ಆದರೆ ದಾನಕ್ಕೆ ಭಾವವೇ ಮೂಲ. ಕಟ್ಟಿದ ಹಣವನ್ನು ಹೇಗಾದರೂ ವಸೂಲು ಮಾಡಬೇಕೆಂದು ಅನಗತ್ಯ ಚಿಕಿತ್ಸೆ ಪಡೆಯುವವನೂ, ಸುಳ್ಳು ಲೆಕ್ಕ ಬರೆಯುವ ಆಸ್ಪತ್ರೆಯೂ ಪರರ ಪಾಲನ್ನು ಅಪಹರಿಸುತ್ತಾರೆ. ಅದು ಅಚೌರ್ಯವ್ರತಕ್ಕೆ ಭಂಗ.

ವಿಮೆಗೆ ತನ್ನದೇ ಮಿತಿಯೂ ಉಂಟು. 2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತವು ಅರ್ಹ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಗಳವರೆಗೆ ಚಿಕಿತ್ಸೆಯನ್ನು ಒದಗಿಸುತ್ತದೆ. ಆದರೆ ಅದು ಮುಖ್ಯವಾಗಿ ಆಸ್ಪತ್ರೆಗೆ ದಾಖಲಾದವರಿಗೆ. ಮಧುಮೇಹಿಯು ಮನೆಯಲ್ಲಿ ನಿತ್ಯವೂ ನುಂಗುವ ಮಾತ್ರೆ, ಬಸ್ಸಿನ ಖರ್ಚು, ಶುಶ್ರೂಷೆಗೆ ನಿಂತವಳು ಕಳೆದುಕೊಂಡ ಕೂಲಿ ಇವೆಲ್ಲ ಅದರ ಹೊರಗೇ ಉಳಿಯುತ್ತವೆ. ಶ್ರಾವಕರ ಹಾಗೂ ಬಸದಿಗಳ ಔಷಧದಾನಕ್ಕೆ ಇಂದು ಸಲ್ಲುವ ಕ್ಷೇತ್ರವು ಇದೇ. ಬಡ ಕುಟುಂಬವೊಂದರ ವಂತಿಗೆಯನ್ನು ಕಟ್ಟಿ, ಅದರ ತಿಂಗಳ ಔಷಧದ ಹೊಣೆಯನ್ನೂ ಹೊರುವ ಟ್ರಸ್ಟು ಹಳೆಯ ಧರ್ಮವನ್ನೇ ಕಾಲಕ್ಕೆ ತಕ್ಕಂತೆ ಪಾಲಿಸಿದಂತಾಗುತ್ತದೆ.